ಕಥೆ ಎಲ್ಲಿ ಕೆಟ್ಟಿದೆ? ಹವ್ಯಾಸಕ್ಕೆ ಬರೆಯುವವರಿಗೆ ಒಂದು ದೋಷ ನಿವಾರಣೆ ಕೈಪಿಡಿ

ಕಥೆ ಬರೆದು ಮುಗಿಸಿದ್ದೀರಿ. ಆಫೀಸು, ಮನೆ, ಟ್ರಾಫಿಕ್ಕು ಎಲ್ಲದರ ನಡುವೆ ಹೊತ್ತು ಹೊಂದಿಸಿಕೊಂಡು ಬರೆದಿದ್ದೀರಿ. ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಕಳಿಸಿದಿರಿ. "ಚೆನ್ನಾಗಿದೆ" ಅಂದರು, ಅಷ್ಟೇ. ಎಲ್ಲೋ ಏನೋ ಕೂತಿಲ್ಲ ಅಂತ ನಿಮಗೂ ಗೊತ್ತು. ಎಲ್ಲಿ ಅಂತ ಗೊತ್ತಾಗುತ್ತಿಲ್ಲ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಭಾಷೆಗೆ. "ಮಳೆ ಬಂತು" ಅಂತಿದ್ದದ್ದು "ಮುಗಿಲು ಕರಗಿ ಹನಿಯಾಯಿತು" ಅಂತ ಆಗುತ್ತದೆ. ಒಂದೆರಡು ಉಪಮೆ ಸೇರುತ್ತವೆ. ಕಥೆ ಇನ್ನಷ್ಟು ಭಾರವಾಗುತ್ತದೆ. ದೋಷ ಇದ್ದಲ್ಲೇ ಇರುತ್ತದೆ.

ನಾನು ಕಂಡುಕೊಂಡದ್ದು ಇಷ್ಟು: ಓದುಗರಿಗೆ ಎಲ್ಲಿ ಬೇಸರವಾಯಿತೋ ಅಲ್ಲೇ ದೋಷ ಇರುವುದು ಕಡಿಮೆ. ಸಾಮಾನ್ಯವಾಗಿ ಅದು ಒಂದೆರಡು ಪುಟ ಹಿಂದೆ ಇರುತ್ತದೆ. ಹಾಲ್ ಗೋಡೆ ಒದ್ದೆಯಾಗಿದೆ ಅಂತ ಕರೆದರೆ ಒಳ್ಳೆ ಪ್ಲಂಬರ್ ಮೊದಲು ಮೇಲಿನ ಮನೆಯ ಬಚ್ಚಲು ನೋಡುತ್ತಾನೆ. ಕಥೆಯಲ್ಲೂ ಹೀಗೇ ಮೇಲಿನಿಂದ ಹುಡುಕಿಕೊಂಡು ಬರಬೇಕು. ವಾಕ್ಯ ತಿದ್ದುವ ಸರದಿ ಕೊನೆಗೆ.

ವಿವರಿಸಲು ಸುಲಭವಾಗಲಿ ಅಂತ ಒಂದು ಕಥೆ ಇಟ್ಟುಕೊಳ್ಳೋಣ. ಜಯನಗರದಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಅಪ್ಪ ಕಟ್ಟಿಸಿದ ಹಳೆ ಮನೆ. ಅಪ್ಪ ಈಗಿಲ್ಲ. ಅಮ್ಮ ಇದ್ದಾರೆ. ಅಣ್ಣ ರಾಘು ಮನೆಯನ್ನು ಬಿಲ್ಡರ್‌ಗೆ ಕೊಡಬೇಕು ಅಂತಾನೆ. ತಂಗಿ ಸುಮಿತ್ರಾಗೆ ಇಷ್ಟವಿಲ್ಲ. ಬೆಂಗಳೂರಲ್ಲಿ ಇಂಥ ಕಥೆ ಬೀದಿಗೊಂದು ಸಿಗುತ್ತದೆ. ಅದಕ್ಕೇ ಇದು ಒಳ್ಳೆ ಪರೀಕ್ಷೆ.

ಮೊದಲು ಜಾಗ ಗುರುತಿಸಿ

ಓದಿದವರಿಗೆ "ಹೇಗಿದೆ?" ಅಂತ ಕೇಳಬೇಡಿ. ಆ ಪ್ರಶ್ನೆಗೆ ನಮ್ಮ ಜನರ ಬಳಿ ಇರುವುದು ಒಂದೇ ಉತ್ತರ. ಮನಸ್ಸು ನೋಯಿಸಬಾರದು ಅಂತ ಹೇಳುವ ಉತ್ತರ ಅದು. ಅದರ ಬದಲು ಕಥೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸಾಲುಗಳ ನಡುವೆ ಜಾಗ ಬಿಟ್ಟು, ಒಂದು ಪೆನ್ಸಿಲ್ ಜತೆ ಕೊಡಿ. "ಓದುತ್ತಾ ಎಲ್ಲಿ ಮೊಬೈಲ್ ನೋಡಬೇಕು ಅನಿಸುತ್ತೋ ಅಲ್ಲಿ ಒಂದು ಗೆರೆ ಎಳೀರಿ. ಎಲ್ಲಿ ಹಿಂದಿನ ಸಾಲಿಗೆ ವಾಪಸ್ ಹೋದಿರೋ ಅಲ್ಲಿ ಸೊನ್ನೆ ಹಾಕಿ. ಬೇರೇನೂ ಬೇಡ" ಅಂತ ಹೇಳಿ. ಅಭಿಪ್ರಾಯ ಹೇಳಲು ಹಿಂಜರಿಯುವವರೂ ಗೆರೆ ಎಳೆಯಲು ಹಿಂಜರಿಯುವುದಿಲ್ಲ.

ಮೂರು ಜನರಿಗೆ ಕೊಟ್ಟರೆ ಸಾಕು. ಅವರಲ್ಲಿ ಒಬ್ಬರಾದರೂ ಕಥೆ ಬರೆಯುವ ಅಭ್ಯಾಸ ಇಲ್ಲದವರಾಗಿರಲಿ. ಬರೆಯುವವರು ನಿಮ್ಮ ಕಥೆಯನ್ನು ತಮ್ಮ ಕಥೆ ಮಾಡಲು ನೋಡುತ್ತಾರೆ. ಓದುವವರು ಸುಮ್ನೆ ಓದುತ್ತಾರೆ. ಅಂಥವರ ಗೆರೆಯನ್ನು ನಾನು ಹೆಚ್ಚು ನಂಬುತ್ತೇನೆ.

ಓದಲು ಯಾರೂ ಇಲ್ಲವೆಂದರೆ ಫೋನಿನಿಂದಲೇ ಓದಿಸಿ. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದುವ ಸೌಲಭ್ಯ ಇದೆ. ಅದರ ದನಿಯಲ್ಲಿ ಭಾವ ಇರುವುದಿಲ್ಲ, ನಮಗೆ ಬೇಕಾದದ್ದೂ ಅದೇ. ನೀವೇ ಓದಿದರೆ ಬರಹದಲ್ಲಿ ಇಲ್ಲದ ಒತ್ತನ್ನು ದನಿಯಲ್ಲಿ ತುಂಬಿಬಿಡುತ್ತೀರಿ. ಇಯರ್‌ಫೋನ್ ಹಾಕಿಕೊಂಡು ಮೆಟ್ರೋದಲ್ಲಿ ಕೂತು ಕೇಳಿ. ನಿಮ್ಮ ಗಮನ ಕಿಟಕಿಯ ಆಚೆ ಹೋದ ಜಾಗವನ್ನು ಬರೆದಿಟ್ಟುಕೊಳ್ಳಿ.

ಗೆರೆಗಳು ಸಿಕ್ಕವು ಅಂದುಕೊಳ್ಳೋಣ. ಈಗ ಗೆರೆ ಇದ್ದ ಜಾಗವನ್ನು ಮುಟ್ಟಬೇಡಿ. ಹಿಂದಕ್ಕೆ ನಡೆಯಿರಿ.

ಗೆರೆ ಮೊದಲ ಪುಟದಲ್ಲೇ ಬಿದ್ದಿದ್ದರೆ

ಇದು ಎಲ್ಲಕ್ಕಿಂತ ಹೆಚ್ಚು ಕಾಣುವ ತೊಂದರೆ. ನಮ್ಮ ಮಾದರಿ ಕಥೆ ಹೀಗೆ ಶುರುವಾಗುತ್ತದೆ ಅನ್ನಿ:

"ಸುಮಿತ್ರಾ ಬೆಳಿಗ್ಗೆ ಎದ್ದು ಬಾಲ್ಕನಿಗೆ ಬಂದಳು. ರಾತ್ರಿ ಮಳೆ ಬಂದು ನಿಂತಿತ್ತು. ಅವಳಿಗೆ ಹಳೆಯದೆಲ್ಲ ನೆನಪಾಯಿತು. ಅಪ್ಪ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದರು. ಸಾಲ ಮಾಡಿ ಈ ಮನೆ ಕಟ್ಟಿಸಿದ್ದರು. ಅಣ್ಣ ಇಂಜಿನಿಯರಿಂಗ್ ಓದಿದ್ದ. ಇವಳು ಬಿಎ ಮುಗಿಸಿದ್ದಳು..."

ಇಲ್ಲಿ ಭಾಷೆಯಲ್ಲಿ ತಪ್ಪೇನೂ ಇಲ್ಲ. ಆದರೂ ಓದುಗ ಜಾರಿಹೋಗುತ್ತಾನೆ. ಯಾಕೆ ಅಂತ ನೋಡಲು ಕನ್ನಡವೇ ಒಂದು ಒಳ್ಳೆ ಸಾಧನ ಕೊಟ್ಟಿದೆ. ಕಥೆ ನಡೆಯುತ್ತಿರುವ ಕಾಲಕ್ಕಿಂತ ಹಿಂದಿನದನ್ನು ಹೇಳುವಾಗ ನಾವು "ಇದ್ದ, ಇದ್ದಳು, ಇದ್ದರು, ಇತ್ತು" ಸೇರಿಸುತ್ತೇವೆ. ಬಂದಳು ಅಂದರೆ ಈಗ ಬಂದಳು. ಬಂದಿದ್ದಳು ಅಂದರೆ ಆಗಲೇ ಬಂದಾಗಿದೆ. ಹಾಗಾಗಿ ಕಡತದಲ್ಲಿ "ದ್ದ" ಅಂತ ಹುಡುಕಿ. ಆಮೇಲೆ "ತ್ತು" ಹುಡುಕಿ. ಎದ್ದಳು, ಉದ್ದ, ಗೊತ್ತು, ಮತ್ತು ಇಂಥವೂ ಸಿಗುತ್ತವೆ, ಅವನ್ನು ಬಿಡಿ. "ಮಾಡುತ್ತಿದ್ದ" ಅನ್ನುವಂಥ ಕಡೆಯೂ ಒಮ್ಮೆ ಯೋಚಿಸಿ, ಅದು ಕೆಲವು ಸಲ ಈಗಿನದೇ ಆಗಿರುತ್ತದೆ. ಉಳಿದದ್ದೆಲ್ಲ ಹಿನ್ನೆಲೆ. ಮೊದಲ ಪುಟದಲ್ಲಿ ಅರ್ಧಕ್ಕಿಂತ ಜಾಸ್ತಿ ವಾಕ್ಯಗಳು ಹೀಗಿದ್ದರೆ ನಿಮ್ಮ ಕಥೆ ಇನ್ನೂ ಶುರುವಾಗಿಲ್ಲ. ನೀವು ಅದರ ಹಿಂದಿನ ಕಥೆ ಹೇಳುತ್ತಿದ್ದೀರಿ.

ಪರಿಹಾರ: ಮೊದಲ ಬಾರಿಗೆ ಏನಾದರೂ ಬದಲಾಗುವ ವಾಕ್ಯ ಎಲ್ಲಿದೆ ನೋಡಿ. ಮಾದರಿ ಕಥೆಯಲ್ಲಿ ಅದು ಮೂರನೇ ಪುಟದಲ್ಲಿ ಸಿಕ್ಕಿತು ಅನ್ನಿ: "ರಾಘು ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೋಲ್ಡರ್ ಹಿಡಿದುಕೊಂಡು ಬಂದ. ಚಪ್ಪಲಿ ಬಿಡಲಿಲ್ಲ." ಕಥೆ ಅಲ್ಲಿಂದ ಶುರುವಾಗಲಿ. ತನ್ನ ಸ್ವಂತ ಮನೆಗೆ ಚಪ್ಪಲಿ ಬಿಡದೆ ಬಂದವನು ಆಗಲೇ ಆ ಮನೆಯಿಂದ ಹೊರಗೆ ಹೋಗಿದ್ದಾನೆ. ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಅಪ್ಪನ ಬ್ಯಾಂಕು, ಸಾಲ, ಬಿಎ ಇವೆಲ್ಲ ಓದುಗರಿಗೆ ಬೇಕು ಅನಿಸಿದ ಕ್ಷಣದಲ್ಲಿ ಒಂದೊಂದು ಸಾಲಾಗಿ ಬರಲಿ. ಎಷ್ಟೋ ಬಾರಿ ಬರುವ ಅಗತ್ಯವೇ ಇರುವುದಿಲ್ಲ.

ಆ ಎರಡು ಪುಟ ಬರೆದದ್ದು ವ್ಯರ್ಥ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಅದು ನಿಮಗೆ ಬೇಕಿತ್ತು. ಓದುಗರಿಗೆ ಬೇಡ. ಬೇರೆ ಕಡತದಲ್ಲಿ ಇಟ್ಟುಕೊಳ್ಳಿ.

ಗೆರೆ ನಡುವೆ ಬಿದ್ದಿದ್ದರೆ

ಶುರು ಚೆನ್ನಾಗಿದೆ. ನಾಲ್ಕನೇ ಪುಟದ ಹೊತ್ತಿಗೆ ಕಥೆ ಜೋತುಬೀಳುತ್ತದೆ. ಇದನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಿದರೆ ಉಳಿದ ಯಾವ ತಿದ್ದುಪಡಿಯೂ ಹಿಡಿಯುವುದಿಲ್ಲ.

ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಪುಟದಲ್ಲಿ ಈ ವ್ಯಕ್ತಿಗೆ ಏನು ಬೇಕು? ಅದು ಸಿಗದಂತೆ ತಡೆಯುತ್ತಿರುವುದು ಏನು? "ಸುಮಿತ್ರಾಗೆ ದುಃಖವಾಗಿದೆ" ಅನ್ನುವುದು ಉತ್ತರ ಅಲ್ಲ. ದುಃಖ ಒಂದು ಸ್ಥಿತಿ. ಬೇಕು ಅನ್ನುವುದು ಕೈಗೆ ಸಿಗುವಂಥದ್ದಾಗಿರಬೇಕು. "ಅಮ್ಮ ಸಹಿ ಹಾಕುವ ಮುಂಚೆ ಅಮ್ಮನ ಜತೆ ಒಬ್ಬಳೇ ಹತ್ತು ನಿಮಿಷ ಮಾತಾಡಬೇಕು" ಅನ್ನುವುದು ಉತ್ತರ. ಈಗ ತಡೆಯುವುದು ಏನು ಅಂತ ತಾನಾಗೇ ಹೊಳೆಯುತ್ತದೆ. ಅಣ್ಣ ಎದ್ದು ಹೋಗುತ್ತಿಲ್ಲ. ಅತ್ತಿಗೆ ಅಡುಗೆಮನೆಯಲ್ಲೇ ಇದ್ದಾರೆ. ಅಮ್ಮ ಟೀವಿ ಸೌಂಡ್ ಜಾಸ್ತಿ ಮಾಡಿ ಕೂತಿದ್ದಾರೆ.

ನಡು ಜೋತುಬೀಳಲು ಇನ್ನೊಂದು ಕಾರಣ ಇದೆ. ಅದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಬರೆಯುವವರಿಗೆ ವಿಷಯದ ವ್ಯವಹಾರ ಗೊತ್ತಿರುವುದಿಲ್ಲ, ಅದಕ್ಕೇ ಭಾವನೆ ತುಂಬಿಸುತ್ತಾರೆ. ಮಾದರಿ ಕಥೆಯನ್ನೇ ನೋಡಿ. ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ, ವಿಲ್ ಬರೆಯದೆ ತೀರಿಕೊಂಡಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ಮಗ, ಮಗಳು ಮೂವರಿಗೂ ಸಮ ಪಾಲು. ಅಂದರೆ ಸುಮಿತ್ರಾ ಸಹಿ ಇಲ್ಲದೆ ರಾಘು ಇಡೀ ಮನೆ ಮಾರಲು ಆಗುವುದಿಲ್ಲ. ಒಂದೋ ಅವಳೂ ಮಾರಾಟ ಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕು.

ಈ ಒಂದು ಸಂಗತಿ ಗೊತ್ತಾದ ಕೂಡಲೇ ಇಡೀ ಕಥೆ ತಿರುಗುತ್ತದೆ. ಬಾಲ್ಕನಿಯಲ್ಲಿ ನಿಂತು ಅಳುತ್ತಿದ್ದ ಸುಮಿತ್ರಾ ಈಗ ಆ ಮನೆಯಲ್ಲಿ ಎಲ್ಲರಿಗೂ ಬೇಕಾದವಳು. ಅಣ್ಣ ಯಾಕೆ ಇದ್ದಕ್ಕಿದ್ದಂತೆ ಸ್ವೀಟ್ ತಂದ, ಅತ್ತಿಗೆ ಯಾಕೆ ಊಟಕ್ಕೆ ಬಲವಂತ ಮಾಡಿದರು, ಅಮ್ಮ ಯಾಕೆ ಮುಖ ಕೊಟ್ಟು ಮಾತಾಡುತ್ತಿಲ್ಲ, ಎಲ್ಲಕ್ಕೂ ಅರ್ಥ ಬರುತ್ತದೆ. ಫೋಲ್ಡರ್‌ನಲ್ಲಿ ಏನಿದೆ ಅಂತ ಓದುಗರಿಗೆ ಕುತೂಹಲ ಹುಟ್ಟುತ್ತದೆ. ಆದ್ದರಿಂದ ನಡುವಿನಲ್ಲಿ ಗೆರೆ ಬಿದ್ದರೆ ನಿಮ್ಮ ವಿಷಯ ಗೊತ್ತಿರುವ ಒಬ್ಬರನ್ನು ಹಿಡಿದು ಕೇಳಿ. ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಕೂತ ಪತ್ರ ಬರಹಗಾರರು ಅರ್ಧ ಗಂಟೆಯಲ್ಲಿ ಹೇಳುವುದನ್ನು ನಾವು ತಿಂಗಳುಗಟ್ಟಲೆ ಕಲ್ಪಿಸಿಕೊಳ್ಳಲು ಆಗುವುದಿಲ್ಲ. ನರ್ಸ್ ಬಗ್ಗೆ ಬರೆಯುವುದಾದರೆ ಡ್ಯೂಟಿ ಬದಲಾಗುವಾಗ ಏನೇನು ಒಪ್ಪಿಸಬೇಕು ಅಂತ ಕೇಳಿ. ಆಟೋ ಚಾಲಕನ ಬಗ್ಗೆ ಬರೆಯುವುದಾದರೆ ದಿನದ ಬಾಡಿಗೆ ಆಟೋ ಲೆಕ್ಕ ಹೇಗೆ ಅಂತ ಕೇಳಿ. ಕಥೆಯ ಬಿಗಿ ಇಂಥ ಕಡೆಯಿಂದಲೇ ಬರುತ್ತದೆ.

ಇಲ್ಲೇ ಇನ್ನೊಂದು ಮಾತು. ತಿದ್ದಲು ಹೇಳಿದಾಗ "ಇದು ನಿಜವಾಗಿ ನಡೆದದ್ದು, ಹೀಗೇ ಆಯ್ತು" ಅಂತ ಹೇಳಬೇಕು ಅನಿಸಿದರೆ ಸ್ವಲ್ಪ ನಿಲ್ಲಿ. ನಡೆದದ್ದಕ್ಕೆ ಕಾರಣ ಬೇಕಿಲ್ಲ, ಕಥೆಗೆ ಬೇಕು. ನಿಮ್ಮ ಅತ್ತೆಯ ಜೀವನದಲ್ಲಿ ನಡೆದ ಕಾಕತಾಳೀಯ ಪುಟದ ಮೇಲೆ ಬಂದಾಗ ಬರೆದವರ ಸೋಮಾರಿತನದಂತೆ ಕಾಣಬಹುದು. ಅಂಥ ಕಡೆ ಘಟನೆ ಬದಲಿಸಲು ಹೆದರಬೇಡಿ. ಅತ್ತೆಯ ಸಂಕಟ ನಿಜವಾಗಿ ಉಳಿದರೆ ಸಾಕು.

ಓದುಗರು ಸೊನ್ನೆ ಹಾಕಿದ ಜಾಗ: ಯಾರ ಕಣ್ಣು ಅಂತ ಗೊತ್ತಾಗುತ್ತಿಲ್ಲ

ವಾಪಸ್ ಹೋಗಿ ಓದಬೇಕಾಯಿತು ಅಂದರೆ ಬಹಳ ಸಲ ಗೊಂದಲ ಇರುವುದು ಪದಗಳಲ್ಲಲ್ಲ, ಯಾರ ಮನಸ್ಸಿನೊಳಗೆ ಇದ್ದೇವೆ ಅನ್ನುವುದರಲ್ಲಿ. ಈ ತುಂಡು ನೋಡಿ:

"ಸುಮಿತ್ರಾ ಕಾಫಿ ತಂದಿಟ್ಟಳು. ಅಣ್ಣ ತನ್ನ ಮುಖ ನೋಡುತ್ತಿಲ್ಲ ಅಂತ ಅವಳಿಗೆ ಗೊತ್ತಾಯಿತು. ತಂಗಿ ತನ್ನನ್ನು ಎಂದೂ ಕ್ಷಮಿಸುವುದಿಲ್ಲ ಅನಿಸಿತು ರಾಘುವಿಗೆ."

ಎರಡು ಸಾಲಿನಲ್ಲಿ ಎರಡು "ತನ್ನ" ಇದೆ. ಮೊದಲನೆಯದು ಸುಮಿತ್ರಾದು. ಎರಡನೆಯದು ರಾಘುವಿನದು. "ತಾನು, ತನ್ನ, ತನಗೆ" ಎಲ್ಲಿ ಬರುತ್ತದೋ ಅಲ್ಲಿ ಹೆಚ್ಚಾಗಿ ನಾವು ಒಬ್ಬರ ಮನಸ್ಸಿನೊಳಗೆ ಕೂತಿರುತ್ತೇವೆ. ಹಾಗಾಗಿ ಪರೀಕ್ಷೆ ಸುಲಭ. ಪ್ರಿಂಟ್ ಮೇಲೆ ಪ್ರತಿ "ತನ್ನ"ಕ್ಕೂ ಗುರುತು ಹಾಕಿ, ಪಕ್ಕದಲ್ಲಿ ಅದು ಯಾರದು ಅಂತ ಬರೆಯಿರಿ. ಒಂದೇ ಪ್ಯಾರಾದಲ್ಲಿ ಎರಡು ಹೆಸರು ಬಂದರೆ ಓದುಗರು ಅಲ್ಲೇ ಎಡವಿದ್ದಾರೆ.

ಸರಿಪಡಿಸುವುದು ಹೀಗೆ. ಒಬ್ಬರನ್ನು ಆರಿಸಿಕೊಳ್ಳಿ. ಸುಮಿತ್ರಾ ಆದರೆ ಸುಮಿತ್ರಾನೇ. ಆಗ ರಾಘು ಮನಸ್ಸು ನಮಗೆ ಕಾಣುವುದು ಅವಳ ಕಣ್ಣಿಗೆ ಬಿದ್ದಷ್ಟು ಮಾತ್ರ:

"ಸುಮಿತ್ರಾ ಕಾಫಿ ತಂದಿಟ್ಟಳು. ರಾಘು ಲೋಟ ತಗೊಂಡ. ಕುಡಿಯಲಿಲ್ಲ. ಕೆನೆ ಕಟ್ಟುವವರೆಗೂ ಕೈಯಲ್ಲೇ ಹಿಡಿದುಕೊಂಡು ಕ್ಯಾಲೆಂಡರ್ ನೋಡುತ್ತಾ ಕೂತ."

ಕ್ಷಮೆಯ ಮಾತು ಹೋಯಿತು. ಆದರೆ ರಾಘುವಿಗೆ ಒಳಗೆ ಏನೋ ಕೊರೆಯುತ್ತಿದೆ ಅಂತ ಮೊದಲಿಗಿಂತ ಚೆನ್ನಾಗಿ ಗೊತ್ತಾಯಿತು. ಇಬ್ಬರ ಮನಸ್ಸೂ ಬೇಕೇ ಬೇಕು ಅಂದರೆ ದೃಶ್ಯ ಬದಲಿಸಿ, ನಡುವೆ ಒಂದು ಸಾಲು ಖಾಲಿ ಬಿಡಿ. ಎಲ್ಲರ ಮನಸ್ಸೂ ಬಲ್ಲ ನಿರೂಪಕರು ಕನ್ನಡದಲ್ಲಿ ಹಿಂದಿನಿಂದಲೂ ಇದ್ದಾರೆ, ಅದು ತಪ್ಪಲ್ಲ. ಆದರೆ ಆ ನಿರೂಪಕರ ದನಿ ಮೊದಲ ಸಾಲಿನಿಂದಲೇ ಕೇಳಬೇಕು. ನಡುವೆ ಎಲ್ಲೋ ಒಂದು ಕಡೆ ಜಾರಿದರೆ ಅದು ದೋಷ.

ಇದೇ ಹೊತ್ತಲ್ಲಿ "ಅನಿಸಿತು, ನೆನಪಾಯಿತು, ಬೇಸರವಾಯಿತು, ಸಂಕಟವಾಯಿತು" ಇವನ್ನೂ ಹುಡುಕಿ. ಎಲ್ಲವನ್ನೂ ಕಿತ್ತುಹಾಕಬೇಕಿಲ್ಲ. ಒಂದರ ಹಿಂದೆ ಒಂದು ಬಂದ ಕಡೆ ಅದರ ಬದಲು ಒಂದು ಕೆಲಸ ಇಡಿ. ಕೈ ಏನು ಮಾಡುತ್ತಿತ್ತು ಅಂತ ಬರೆಯಿರಿ.

ಸಂಭಾಷಣೆಯಲ್ಲಿ ಗೆರೆ

ಕನ್ನಡದಲ್ಲಿ ಬರೆಯುವವರಿಗೆ ಇದು ವಿಶೇಷ ತೊಂದರೆ. ನಾವು ಬರೆಯುವ ಕನ್ನಡವೇ ಬೇರೆ, ಮಾತಾಡುವ ಕನ್ನಡವೇ ಬೇರೆ. ನಿರೂಪಣೆಯ ಗುಂಗಿನಲ್ಲಿದ್ದಾಗ ಪಾತ್ರಗಳೂ ಪುಸ್ತಕದ ಕನ್ನಡ ಮಾತಾಡಲು ಶುರು ಮಾಡುತ್ತವೆ.

"ಅಣ್ಣಾ, ನನಗೆ ತಿಳಿಸದೆ ನೀನು ಈ ಮನೆಯನ್ನು ಮಾರಲು ನಿರ್ಧರಿಸಿರುವುದು ನನಗೆ ಬಹಳ ನೋವುಂಟು ಮಾಡಿದೆ."

ಜಯನಗರದಲ್ಲಿ ಯಾವ ತಂಗಿಯೂ ಹೀಗೆ ಮಾತಾಡುವುದಿಲ್ಲ. ಇದನ್ನು ಆಡುಮಾತಿಗೆ ತಿರುಗಿಸಿದರೆ ಅರ್ಧ ಮಾತ್ರ ಸರಿಯಾಗುತ್ತದೆ: "ಅಣ್ಣ, ನಂಗ್ ಹೇಳ್ದೆ ಮನೆ ಮಾರಕ್ಕೆ ಹೊರಟಿದೀಯಲ್ಲ, ತುಂಬಾ ಬೇಜಾರಾಯ್ತು." ಉಚ್ಚಾರ ಬಂತು, ಆದರೆ ಅವಳು ಇನ್ನೂ ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ಓದಿ ಹೇಳುತ್ತಿದ್ದಾಳೆ. ಮನೆಯೊಳಗೆ ಜಗಳ ಆಗುವಾಗ ನಾವು ಮುಖ್ಯವಾದದ್ದನ್ನು ಬಿಟ್ಟು ಬೇರೆ ಎಲ್ಲ ಮಾತಾಡುತ್ತೇವೆ.

"ಅಡ್ವಾನ್ಸ್ ತಗೊಂಡಾಯ್ತಾ?"
"ಕಾಫಿಗೆ ಸಕ್ಕರೆ ಕಮ್ಮಿ ಹಾಕು ಅಂದಿದ್ನಲ್ಲ."
"ಎಷ್ಟು?"
"ಸುಮಿ, ಅಮ್ಮ ಇದಾಳೆ ಅಲ್ಲಿ."
"ಸರಿ ಬಿಡಿ. ನೀವೇ ನೋಡ್ಕೊಳ್ಳಿ."

ಇಷ್ಟು ದಿನ "ನೀನು" ಅಂತಿದ್ದ ಅಣ್ಣನಿಗೆ ತಂಗಿ "ನೀವು" ಅಂದಳು. ಕನ್ನಡ ಓದುಗರಿಗೆ ಅಲ್ಲಿ ಬಾಗಿಲು ಹಾಕಿದ್ದು ಕೇಳಿಸುತ್ತದೆ. ಅದರ ಮುಂದೆ "ಎಂದು ಸಿಟ್ಟಿನಿಂದ ಹೇಳಿದಳು" ಅಂತ ಸೇರಿಸಿದರೆ ಕೆಡುತ್ತದೆ.

ಪರೀಕ್ಷೆ ಇದು: ಸಂಭಾಷಣೆಯ ಪುಟದಲ್ಲಿ ಹೆಸರುಗಳನ್ನು ಮುಚ್ಚಿ ಓದಿ. ಯಾರ ಮಾತು ಯಾರದು ಅಂತ ತಿಳಿಯದಿದ್ದರೆ ಎಲ್ಲರೂ ನಿಮ್ಮದೇ ದನಿಯಲ್ಲಿ ಮಾತಾಡುತ್ತಿದ್ದಾರೆ. ಬೆಂಗಳೂರಲ್ಲಿ ಕೂತು ಬರೆಯುವವರಿಗೆ ಇದಕ್ಕೆ ಔಷಧಿ ಕಿವಿ ಹತ್ತಿರವೇ ಇದೆ. ಮೆಜೆಸ್ಟಿಕ್‌ನಿಂದ ಹೊರಡುವ ಯಾವುದೇ ಬಸ್ ಹತ್ತಿ. ಮಂಡ್ಯ ಕಡೆಯವರ "ಬತ್ತೀನಿ" ಕೇಳುತ್ತದೆ, ಹುಬ್ಬಳ್ಳಿ ಕಡೆಯವರ "ಬರ್ತೇನ್ರಿ" ಕೇಳುತ್ತದೆ, ಮಂಗಳೂರಿನವರ "ಎಂತ ಮಾರಾಯ್ರೆ" ಕೇಳುತ್ತದೆ. ಇಂಗ್ಲಿಷ್ ಕಲಸಿ ಮಾತಾಡುವ ಹುಡುಗರ ಕನ್ನಡವೂ ಕೇಳುತ್ತದೆ, ಅದನ್ನೂ ಗೌರವದಿಂದ ಕೇಳಿಸಿಕೊಳ್ಳಿ. ಆದರೆ ಬರೆಯುವಾಗ ಒಂದು ಎಚ್ಚರ ಬೇಕು. ಪ್ರತಿ ಪದವನ್ನೂ ಆ ಊರಿನ ಉಚ್ಚಾರದಲ್ಲೇ ಬರೆದರೆ ಓದುಗರು ಅಕ್ಷರ ಕೂಡಿಸುವುದರಲ್ಲೇ ಸುಸ್ತಾಗುತ್ತಾರೆ. ಒಬ್ಬೊಬ್ಬರಿಗೆ ಒಂದೆರಡು ಗುರುತು ಸಾಕು. ನಿಮಗೆ ಚೆನ್ನಾಗಿ ಗೊತ್ತಿಲ್ಲದ ಕಡೆಯ ಮಾತಾದರೆ ಆ ಊರಿನವರಿಂದ ಒಮ್ಮೆ ಓದಿಸಿ.

ಊರು ಅಂಟಿಸಿದಂತೆ ಕಾಣುತ್ತಿದೆ

ಕಥೆಯಲ್ಲಿ ಬೆಂಗಳೂರು ಅಂತ ಇರುವ ಕಡೆಯೆಲ್ಲ ಮೈಸೂರು ಅಂತ ಹಾಕಿ ಓದಿ. ಏನೂ ಬದಲಾಗದಿದ್ದರೆ ಊರು ಇನ್ನೂ ಕಥೆಯೊಳಗೆ ಬಂದಿಲ್ಲ. ಟ್ರಾಫಿಕ್, ಸಿಲ್ಕ್ ಬೋರ್ಡ್, ಸಂಜೆ ಮಳೆ ಅಂತ ಹೆಸರು ಜೋಡಿಸಿದರೆ ಊರು ಬರುವುದಿಲ್ಲ. ಊರು ಪಾತ್ರದ ಕೆಲಸಕ್ಕೆ ಅಡ್ಡ ಬರಬೇಕು, ಇಲ್ಲವೇ ದಾರಿ ಮಾಡಿಕೊಡಬೇಕು. ಗಾಂಧಿ ಬಜಾರ್‌ಗೆ ಹೊರಟ ಅಮ್ಮ ಕಡಲೆಕಾಯಿ ಪರಿಷೆಯ ಜನದಲ್ಲಿ ಸಿಕ್ಕಿಹಾಕಿಕೊಂಡು ಸಹಿ ಹಾಕಲು ತಡವಾಗಿ ಬಂದರೆ ಬಸವನಗುಡಿ ಕಥೆಗೆ ಬೇಕಾಯಿತು. ಪರಿಷೆ ಕಾರ್ತಿಕ ಮಾಸದ ಕೊನೆಯ ಸೋಮವಾರಕ್ಕೆ, ಆದ್ದರಿಂದ ಆ ದಿನ ಮಾವಿನಹಣ್ಣು ಕೊಳ್ಳಿಸಬೇಡಿ.

ಕಾಲದ ತಪ್ಪು ಬೆಂಗಳೂರಿನ ಕಥೆಗಳಲ್ಲಿ ಸುಲಭವಾಗಿ ನುಸುಳುತ್ತದೆ, ಊರು ಅಷ್ಟು ಬೇಗ ಬದಲಾಗಿದೆ. ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಅದಕ್ಕೆ ಮುಂಚೆ ಅಮೆರಿಕದ ಮಗನನ್ನು ಕಳಿಸಲು ಹೋದವರು ಎಚ್‌ಎಎಲ್‌ಗೆ ಹೋಗಬೇಕು. ಮೆಟ್ರೋ ಮೊದಲು ಓಡಿದ್ದು 2011ರ ಅಕ್ಟೋಬರ್‌ನಲ್ಲಿ, ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆ ನಡುವೆ ಮಾತ್ರ. ಜಯನಗರಕ್ಕೆ ಅದು ಬಂದದ್ದು 2017ರಲ್ಲಿ. ಬೊಮ್ಮಸಂದ್ರದ ಹಳದಿ ಮಾರ್ಗ ತೆರೆದದ್ದು 2025ರ ಆಗಸ್ಟ್‌ನಲ್ಲಿ. ಇಂಥದ್ದೊಂದು ತಪ್ಪಿದರೂ ಊರಿನವರು ಆ ಸಾಲಿನಿಂದಾಚೆ ನಿಮ್ಮನ್ನು ನಂಬುವುದಿಲ್ಲ. ಕಥೆ ನಡೆಯುವ ವರ್ಷವನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅದು ಕಥೆಯಲ್ಲಿ ಬರದಿದ್ದರೂ ಪರವಾಗಿಲ್ಲ.

ಕೊನೆ ಸರಿ ಇಲ್ಲ ಅಂದರೆ

ಕೊನೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಓದಿ. ಅದಿಲ್ಲದೆಯೂ ಕಥೆ ಮುಗಿದರೆ ಆ ಪ್ಯಾರಾ ಬೇಡ. ಬಹಳ ಕಥೆಗಳಲ್ಲಿ ಅದು ಓದುಗರಿಗೆ ಆಗಲೇ ತಿಳಿದದ್ದನ್ನು ಮತ್ತೆ ಹೇಳುತ್ತಿರುತ್ತದೆ.

ಮುಚ್ಚಿದರೆ ಕಥೆ ನಿಂತುಹೋಗುತ್ತದೆ, ಇಟ್ಟರೆ ಹಿಡಿಸುವುದಿಲ್ಲ ಅನ್ನುವ ಸ್ಥಿತಿ ಇದ್ದರೆ ನಡುಭಾಗಕ್ಕೆ ಹೋಗಿ. ಸಾವು, ಆಸ್ಪತ್ರೆಯಿಂದ ಫೋನು, ಎಲ್ಲ ಕನಸಾಗಿತ್ತು ಅನ್ನುವ ಮುಕ್ತಾಯಗಳು ಬರುವುದು ಪಾತ್ರ ಏನನ್ನೂ ನಿರ್ಧರಿಸದೆ ಇದ್ದಾಗ. ಹೊರಗಿನಿಂದ ಏನಾದರೂ ಬಂದು ಕಥೆ ಮುಗಿಸಬೇಕಾಗುತ್ತದೆ. ಸುಮಿತ್ರಾ ಸಹಿ ಹಾಕುತ್ತಾಳೋ ಇಲ್ಲವೋ ಅನ್ನುವುದು ಅವಳ ಕೈಯಲ್ಲೇ ಇರಬೇಕು, ಹಾಕಿದರೂ ಹಾಕದಿದ್ದರೂ ಅವಳು ಏನನ್ನಾದರೂ ಕಳೆದುಕೊಳ್ಳಬೇಕು. ಸಹಿ ಹಾಕಿದರೆ ಮನೆ ಹೋಯಿತು. ಹಾಕದಿದ್ದರೆ ಅಣ್ಣ ಹೋದ, ಅಮ್ಮನಿಗೆ ಇಬ್ಬರ ನಡುವೆ ಬದುಕುವ ಕಷ್ಟ. ಇಷ್ಟು ನಡುವಿನಲ್ಲೇ ಸ್ಪಷ್ಟವಾಗಿದ್ದರೆ ಕೊನೆ ಬರೆಯಲು ಅರ್ಧ ಪುಟವೂ ಬೇಕಾಗುವುದಿಲ್ಲ.

ಮುಗಿಯುವುದೇ ಇಲ್ಲ

ಇದು ಬೇರೆ ಥರದ ದೋಷ. ಕಂಪ್ಯೂಟರಿನಲ್ಲಿ ಅರ್ಧಂಬರ್ಧ ಕಥೆಗಳು ಕೂತಿರುತ್ತವೆ. ಟೈಮ್ ಇಲ್ಲ ಅನ್ನುವುದು ಪೂರ್ತಿ ಕಾರಣ ಅಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆಗಳನ್ನು ನಿಭಾಯಿಸುತ್ತಲೇ ಕಥೆ ಬರೆದವರು. ಬೆಂಗಳೂರಿನ ಗವಿಪುರದಲ್ಲಿ ಅವರ ಮನೆ ಇತ್ತು. ಕೆಲಸದ ಜತೆ ಬರವಣಿಗೆ ಸಾಗುತ್ತದೆ ಅನ್ನುವುದಕ್ಕೆ ನಮಗೆ ದೂರ ಹೋಗಬೇಕಿಲ್ಲ.

ನಿಜವಾದ ಕಾರಣ ನೋಡಲು ನಿಮ್ಮ ಕಡತವನ್ನೇ ತೆಗೆಯಿರಿ. ಮೊದಲ ಎರಡು ಪುಟ ನುಣುಪಾಗಿ, ಆಮೇಲಿನದು ಒರಟಾಗಿ ಇದೆಯಾ? ಹಾಗಿದ್ದರೆ ನೀವು ಕೂತಾಗಲೆಲ್ಲ ಮೊದಲಿನಿಂದ ತಿದ್ದುತ್ತಿದ್ದೀರಿ. ಸಿಕ್ಕ ಒಂದು ಗಂಟೆ ಅದರಲ್ಲೇ ಹೋಗುತ್ತಿದೆ. ಮುಂದಿನ ಸಲ ಹಿಂದಿನ ದಿನದ ಕೊನೆಯ ಪ್ಯಾರಾ ಮಾತ್ರ ಓದಿ, ಅಲ್ಲಿಂದ ಮುಂದೆ ಹೋಗಿ. ಎದ್ದೇಳುವಾಗ ದೃಶ್ಯವನ್ನು ನಡುವೆಯೇ ಬಿಟ್ಟು ಏಳಿ, ನಾಳೆ ಏನು ಬರೆಯಬೇಕು ಅಂತ ಗೊತ್ತಿರುವಾಗಲೇ. ಪ್ರಯಾಣ ಜಾಸ್ತಿ ಇದ್ದರೆ ಫೋನಿನ ಕೀಬೋರ್ಡ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ ಬಳಸಿ. ನಿರೂಪಣೆಗೆ ಅಷ್ಟು ಒಗ್ಗುವುದಿಲ್ಲ, ಸಂಭಾಷಣೆಗೆ ಚೆನ್ನಾಗಿದೆ.

ಕಡತ ಎಲ್ಲೆಡೆ ಸಮವಾಗಿ ಇದ್ದು ಒಂದು ಕಡೆ ಥಟ್ ಅಂತ ನಿಂತಿದ್ದರೆ ಅಲ್ಲಿ ನೀವು ಪಾತ್ರವನ್ನು ಕಾಪಾಡುತ್ತಿದ್ದೀರಿ. ಮುಂದಿನ ದೃಶ್ಯದಲ್ಲಿ ಅವಳು ಕೆಟ್ಟ ಮಾತು ಆಡಬೇಕು ಅಥವಾ ಅವಮಾನ ಪಡಬೇಕು, ಅದನ್ನು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಬರೆಯಿರಿ. ಕಥೆ ಅಲ್ಲೇ ಇದೆ.

ಈಗ ವಾಕ್ಯ

ಮೇಲಿನದೆಲ್ಲ ಮುಗಿದ ಮೇಲೆ ಭಾಷೆಗೆ ಬನ್ನಿ. ಹೆಚ್ಚಿಗೆ ಕೆಲಸ ಉಳಿದಿರುವುದಿಲ್ಲ. "ಹೋಗಿಬಿಟ್ಟ, ಅತ್ತುಬಿಟ್ಟಳು, ಹೇಳಿಬಿಟ್ಟ" ಅಂತ ಎಲ್ಲದಕ್ಕೂ "ಬಿಟ್ಟ" ಸೇರಿದೆಯಾ ನೋಡಿ. ತಡೆಯಲಾಗದೆ ಆದದ್ದಕ್ಕೆ ಮಾತ್ರ ಅದನ್ನು ಉಳಿಸಿ. "ಬಂದನು" ಅಂತ ಶುರುಮಾಡಿ ಆಮೇಲೆ "ಬಂದ" ಅಂತ ಮುಂದುವರಿದಿದ್ದರೆ ಒಂದಕ್ಕೆ ತನ್ನಿ. ಒಂದೇ ವ್ಯಕ್ತಿ ಒಂದು ಕಡೆ ಅವನು, ಇನ್ನೊಂದು ಕಡೆ ಆತ, ಮತ್ತೊಂದು ಕಡೆ ಇವನು ಆಗಿದ್ದರೆ ಅದನ್ನೂ ಸರಿಮಾಡಿ. ಉಪಮೆಗಳಲ್ಲಿ ನಿಮಗೆ ತುಂಬಾ ಇಷ್ಟವಾದದ್ದನ್ನು ಒಮ್ಮೆ ತೆಗೆದು ಓದಿ.

ಪದ ಕಣ್ಣೆದುರೇ ಇದೆ, ಹುಡುಕಿದರೆ ಸಿಗುತ್ತಿಲ್ಲ ಅನ್ನುವ ತೊಂದರೆಯೂ ಬರುತ್ತದೆ. ಬಹಳ ಸಲ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಟೈಪ್ ಆಗಿರುತ್ತದೆ. ನೋಡಲು ಒಂದೇ ಥರ, ಕಂಪ್ಯೂಟರಿಗೆ ಬೇರೆ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬರೆದು ಯೂನಿಕೋಡ್‌ಗೆ ಬದಲಿಸಿದ್ದರೆ ಅರ್ಕಾವೊತ್ತು, ಒತ್ತಕ್ಷರ ಇರುವ ಪದಗಳನ್ನು ಒಂದೊಂದಾಗಿ ನೋಡಿ, ಕೆಲವು ಒಡೆದಿರಬಹುದು.

ತಿದ್ದಿದ ಪ್ರತಿಯನ್ನು ಹೊಸ ಮೂವರಿಗೆ ಕೊಡಿ, ಹಳಬರಿಗೆ ಬೇಡ, ಅವರಿಗೆ ಕಥೆ ಆಗಲೇ ಗೊತ್ತು. ಮೂವರ ಗೆರೆಯೂ ಒಂದೇ ಜಾಗದ ಹತ್ತಿರ ಬಿದ್ದರೆ ಮತ್ತೆ ಅಲ್ಲಿಂದ ಹಿಂದಕ್ಕೆ ನಡೆಯಿರಿ. ಒಬ್ಬೊಬ್ಬರದು ಒಂದೊಂದು ಕಡೆ ಬಿದ್ದರೆ ಅದು ಓದುಗರ ರುಚಿ, ಕಥೆಯ ದೋಷವಲ್ಲ. ಆಗ ತಿದ್ದುವುದನ್ನು ನಿಲ್ಲಿಸಿ. ಸುಧಾ, ಮಯೂರದಂಥ ಪತ್ರಿಕೆಗಳು ಕಥೆ ಹಾಕುತ್ತವೆ, ಪ್ರಜಾವಾಣಿ ದೀಪಾವಳಿ ವಿಶೇಷಾಂಕಕ್ಕೆ ಕಥಾ ಸ್ಪರ್ಧೆ ನಡೆಯುತ್ತದೆ. ಅವರ ಪ್ರಕಟಣೆಯಲ್ಲಿ ಪದಗಳ ಮಿತಿ ಎಷ್ಟು, ನುಡಿಯಲ್ಲಿ ಬೇಕಾ ಯೂನಿಕೋಡ್‌ನಲ್ಲಿ ಬೇಕಾ ಅಂತ ಓದಿಕೊಂಡು ಕಡತವನ್ನು ಹಾಗೇ ಸಿದ್ಧಮಾಡಿ ಕಳಿಸಿ. ಕಳಿಸಿದ ಪ್ರತಿಗೆ ತಾರೀಖು ಹಾಕಿ ಬೇರೆ ಇಟ್ಟುಕೊಳ್ಳಿ, ಮುಂದಿನ ಕಥೆಯ ವರ್ಷವನ್ನು ಚೀಟಿಯಲ್ಲಿ ಬರೆಯಿರಿ.